ಮಲೆನಾಡಿನ ಉಪಕೇಂದ್ರದಲ್ಲಿ ಜ್ವರದ ರೋಗಿಯನ್ನು ಪರೀಕ್ಷಿಸುವ ಬಗೆ: ನನ್ನ ಅನುಭವ

ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಸಮುದಾಯ ಆರೋಗ್ಯದ ತರಬೇತಿ ಪಡೆದು, ಮಲೆನಾಡಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಎಕ್ಸ್‌ರೇ ಇಲ್ಲ. ಬೆರಳ ತುದಿಯ ರಕ್ತದಲ್ಲಿ ಮಾಡಬಹುದಾದ ಕೆಲವು ಪರೀಕ್ಷೆಗಳನ್ನು ಬಿಟ್ಟರೆ ಪ್ರಯೋಗಾಲಯವೂ ಇಲ್ಲ. ಕಾಯಿಲೆ ಇಂಥದ್ದೇ ಎಂದು ಅಂತಿಮವಾಗಿ ಹೇಳುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು. ಆದರೆ ಇ-ಸಂಜೀವನಿಯಲ್ಲಿಯೋ (ವೈದ್ಯರನ್ನು ದೂರದಿಂದಲೇ ಕಾಣಿಸುವ ಸರ್ಕಾರದ ಆನ್‌ಲೈನ್ ಸೇವೆ) ಫೋನಿನಲ್ಲಿಯೋ ಅವರು ಮೊದಲು ಕೇಳುವುದು ನಾನು ಏನು ನೋಡಿದೆ, ಏನು ಮುಟ್ಟಿದೆ, ಏನು ಕೇಳಿಸಿತು ಎಂಬುದನ್ನೇ ಆದ್ದರಿಂದ, ಅವರ ತೀರ್ಮಾನ ಬಹುಮಟ್ಟಿಗೆ ನನ್ನ ಪರೀಕ್ಷೆಯ ಮೇಲೆ ನಿಂತಿರುತ್ತದೆ.

ನಾನು ಉಸಿರಾಟದಿಂದ ಆರಂಭಿಸುತ್ತೇನೆ. ಎಣಿಸುತ್ತಿದ್ದಾರೆಂದು ತಿಳಿದರೆ ಯಾರ ಉಸಿರೂ ಸಹಜವಾಗಿರುವುದಿಲ್ಲವಾದ್ದರಿಂದ, ನಾಡಿ ಹಿಡಿದವಳಂತೆಯೇ ಕುಳಿತು, ಕಣ್ಣನ್ನು ಎದೆಯ ಮೇಲಿಟ್ಟು, ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ವಯಸ್ಕರಲ್ಲಿ 12ರಿಂದ 20 ಇರಬೇಕಾದದ್ದು 30 ಮುಟ್ಟಿದರೆ ಉಳಿದ ಪರೀಕ್ಷೆ ಮುಗಿಯುವ ಮೊದಲೇ ವಾಹನಕ್ಕೆ ಹೇಳಿಬಿಡುತ್ತೇನೆ. ಕೆಮ್ಮು, ಜ್ವರದೊಂದಿಗೆ ಮಾತು ತಡವರಿಸುತ್ತಿದ್ದರೆ, ಬಿಪಿಯ ಮೇಲಿನ ಅಂಕೆ 90ಕ್ಕಿಂತ ಕಡಿಮೆಯಿದ್ದರೆ ಅಥವಾ ಕೆಳಗಿನದು 60 ಅಥವಾ ಅದಕ್ಕೂ ಕಡಿಮೆಯಿದ್ದರೆ, ವಯಸ್ಸು 65 ದಾಟಿದ್ದರೆ, ನ್ಯುಮೋನಿಯಾವನ್ನು ಮನೆಯಲ್ಲಿಟ್ಟು ನೋಡುವ ಮಾತು ಕಷ್ಟವಾಗುತ್ತದೆ.

ಎದೆಯನ್ನು ಬೆನ್ನಿನ ಕಡೆಯಿಂದ ನೋಡುವುದು ನನಗೆ ಅನುಕೂಲ. ರೋಗಿ ಎರಡೂ ಕೈಗಳನ್ನು ಮುಂದೆ ಕಟ್ಟಿಕೊಂಡರೆ ಹೆಗಲ ಹಿಂದಿನ ಮೂಳೆಗಳು ಸರಿದು ಜಾಗ ಸಿಗುತ್ತದೆ. ಎಡ-ಬಲಗಳನ್ನು ಹೋಲಿಸುತ್ತಾ ಬೆರಳಿನಿಂದ ತಟ್ಟಿದಾಗ ಒಂದು ಕಡೆ ಶಬ್ದ ಮಂದವಾಗಿದ್ದರೆ, ಅಂಗೈಯ ಅಂಚನ್ನು ಅಲ್ಲಿಟ್ಟು ‘ಒಂದು, ಒಂದು’ ಎಂದು ಗಟ್ಟಿಯಾಗಿ ಹೇಳಿಸುತ್ತೇನೆ. ಕಂಪನ ಇನ್ನೊಂದು ಬದಿಗಿಂತ ಹೆಚ್ಚಾಗಿದ್ದರೆ ಶ್ವಾಸಕೋಶ ಗಟ್ಟಿಯಾಗಿರುವ ನ್ಯುಮೋನಿಯಾ ಇರಬಹುದು. ಕಡಿಮೆಯಾಗಿದ್ದರೆ ಶ್ವಾಸಕೋಶದ ಸುತ್ತ ನೀರು ತುಂಬಿರಬಹುದು. ನೀರಿನ ಜೊತೆ ವಾರಗಟ್ಟಲೆ ಸಂಜೆ ಜ್ವರ ಬರುವುದು, ತೂಕ ಇಳಿಯುವುದೂ ಸೇರಿದರೆ ಕ್ಷಯದ ಪರೀಕ್ಷೆಗೆ ಕಫ ಹೋಗಲೇಬೇಕು. ಎರಡೂ ಬದಿಯ ತಳದಲ್ಲಿ ಚರಚರ ಶಬ್ದವಿದ್ದು, ಪಾದ ಒತ್ತಿದರೆ ಕುಳಿ ಉಳಿಯುವಂತಿದ್ದು, ಅರೆ ಒರಗಿದಾಗ ಕತ್ತಿನ ಅಭಿಧಮನಿ ಉಬ್ಬಿ ಕಂಡರೆ ಹೃದಯದ ಕಡೆ ಯೋಚಿಸುತ್ತೇನೆ. ಒಮ್ಮೆ ಕೆಮ್ಮಿಸಿದ ಮೇಲೆ ಮಾಯವಾಗುವ ಶಬ್ದಕ್ಕೆ ನಾನು ಬೆಲೆ ಕೊಡುವುದಿಲ್ಲ. ರವಿಕೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿದ್ದಕ್ಕಂತೂ ಇಲ್ಲವೇ ಇಲ್ಲ. ಬಟ್ಟೆಯ ಸರಸರವೇ ಕಾಯಿಲೆಯಂತೆ ಕೇಳಿಸುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಬರುವ ಜ್ವರಗಳಲ್ಲಿ ನಾನು ಹೆಚ್ಚು ಸಮಯ ಕೊಡುವುದು ಚರ್ಮಕ್ಕೆ. ಸ್ಕ್ರಬ್ ಟೈಫಸ್ ಹರಡುವ ಸಣ್ಣ ನುಸಿಯ ಮರಿ ಕಚ್ಚಿದಲ್ಲಿ ಸುತ್ತ ಕೆಂಪಾದ, ನಡುವೆ ಕಪ್ಪು ಹಕ್ಕಳೆಗಟ್ಟಿದ ಗುರುತು ಉಳಿಯುವುದುಂಟು. ಅದು ಸಾಮಾನ್ಯವಾಗಿ ನೋಯುವುದಿಲ್ಲ, ತುರಿಸುವುದೂ ಇಲ್ಲ. ಹಾಗಾಗಿ ರೋಗಿ ತಾನಾಗಿ ಅದರ ಮಾತೆತ್ತುವುದಿಲ್ಲ. ಕಂಕುಳು, ಸ್ತನದ ಕೆಳಗಿನ ಮಡಿಕೆ, ಲಂಗದ ಲಾಡಿ ಕಟ್ಟುವ ಸೊಂಟ, ತೊಡೆಸಂದು, ಕಿವಿಯ ಹಿಂಭಾಗ ಇವೆಲ್ಲ ಅದು ಅಡಗುವ ಜಾಗಗಳು. ಬೆವರಿನ ಮಡಿಕೆಯಲ್ಲಿ ಹಕ್ಕಳೆ ಕಪ್ಪಾಗದೆ ಬಿಳಚಿದ ಸಣ್ಣ ಹುಣ್ಣಿನಂತೆಯೂ ಇರುತ್ತದೆ. ನಾನು ಮೊದಲು ಕತ್ತು, ಕಂಕುಳು, ತೊಡೆಸಂದುಗಳ ಗ್ರಂಥಿಗಳನ್ನು ಮುಟ್ಟಿ ನೋಡುತ್ತೇನೆ. ಒಂದು ಬದಿಯಲ್ಲಿ ಮಾತ್ರ ಗಂಟು ಬಾತು ನೋಯುತ್ತಿದ್ದರೆ, ಅದಕ್ಕೆ ಸಂಬಂಧಪಟ್ಟ ಭಾಗದ ಚರ್ಮವನ್ನು ಟಾರ್ಚ್ ಹಿಡಿದು ಹುಡುಕುತ್ತೇನೆ. ಪರದೆ ಎಳೆದು, ಆಶಾ ಕಾರ್ಯಕರ್ತೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಏಕೆ ನೋಡುತ್ತಿದ್ದೇನೆಂದು ಮೊದಲೇ ಹೇಳಿದರೆ ಹುಲ್ಲು ಕೊಯ್ಯಲು ಹೋಗುವ ಹೆಂಗಸರು ಸಂಕೋಚಪಟ್ಟರೂ ಬೇಡವೆನ್ನುವುದು ಅಪರೂಪ. ಗುರುತು ಸಿಗದಿದ್ದ ಮಾತ್ರಕ್ಕೆ ಆ ಜ್ವರವಲ್ಲ ಎನ್ನುವಂತಿಲ್ಲ.

ಗದ್ದೆಯ ಕೆಸರಿನಲ್ಲಿ ನಿಂತು ದುಡಿದವರಾದರೆ ಇಲಿಜ್ವರವನ್ನು ನೆನೆಯಬೇಕು: ಪಿಸುರಿಲ್ಲದೆ ಕೆಂಪಾದ ಕಣ್ಣು, ಮೀನಖಂಡವನ್ನು ಮೆಲ್ಲಗೆ ಹಿಂಡಿದರೂ ಕಾಲು ಎಳೆದುಕೊಳ್ಳುವಷ್ಟು ನೋವು. ಕಣ್ಣಿನ ಹಳದಿಯನ್ನು ಟ್ಯೂಬ್‌ಲೈಟಿನಲ್ಲಿ ನೋಡುವುದು ವ್ಯರ್ಥ. ರೋಗಿಯನ್ನು ಕಿಟಕಿಯ ಬಳಿ ಕರೆದೊಯ್ಯುತ್ತೇನೆ. ಡೆಂಗಿಯ ಶಂಕೆಯಿದ್ದಾಗ ಬಿಪಿ ಪಟ್ಟಿಯನ್ನು ಮೇಲಿನ-ಕೆಳಗಿನ ಅಂಕೆಗಳ ನಡುವೆ 5 ನಿಮಿಷ ಬಿಗಿದಿಟ್ಟು ಚರ್ಮದ ಮೇಲೆ ಮೂಡುವ ಕೆಂಪು ಚುಕ್ಕೆ ಎಣಿಸುವ ಪರೀಕ್ಷೆಯನ್ನು ಮಾಡುತ್ತೇನಾದರೂ ಅದರ ಮೇಲೆ ನನಗೆ ಅಷ್ಟು ಭರವಸೆಯಿಲ್ಲ. ಜ್ವರ ಇಳಿಯುವ ದಿನಗಳಲ್ಲಿ ಹೊಟ್ಟೆ ಒತ್ತಿದಾಗ ನೋವು, ಬಿಡದ ವಾಂತಿ, ಬಿಪಿಯ ಎರಡು ಅಂಕೆಗಳ ಅಂತರ 20ಕ್ಕೆ ಇಳಿಯುವುದು ಇವು ನನ್ನನ್ನು ಹೆಚ್ಚು ಹೆದರಿಸುತ್ತವೆ. ಮಂಗನ ಕಾಯಿಲೆಯದು ಬೇರೆ ಋತು. ಬೇಸಿಗೆಯತ್ತ ಕಾಡಿಗೆ ಹೋಗಿಬಂದವರಿಗೆ ಜ್ವರವೆಂದರೆ ರಕ್ತದ ಮಾದರಿ ಕಳಿಸುವುದೇ ಮೊದಲ ಕೆಲಸ.

ವೈದ್ಯರಿಗೆ ನಾನು ರೋಗದ ಹೆಸರು ಹೇಳಿ ಶುರು ಮಾಡುವುದಿಲ್ಲ. ‘ಜ್ವರ ಆರು ದಿನದಿಂದ, ಉಸಿರು 24, ಬಿಪಿ 110/70, ಬಲ ತೊಡೆಸಂದಿಯಲ್ಲಿ ನೋಯುವ ಗಂಟು, ಹೊಕ್ಕುಳ ಕೆಳಗೆ ಬಲಕ್ಕೆ ಕಪ್ಪು ಹಕ್ಕಳೆ, ಎದೆ ಸ್ವಚ್ಛ, ಗರ್ಭಿಣಿಯಲ್ಲ’ ಎಂದರೆ ಅವರಿಗೆ ಸಾಕಾಗುತ್ತದೆ. ಹೀಗಿದ್ದಾಗ ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆರಡು ಬಾರಿ ಆರಂಭಿಸಲು ಅವರು ಹೇಳುತ್ತಾರೆ, ಗರ್ಭಿಣಿಯಾದರೆ ಅಜಿತ್ರೋಮೈಸಿನ್. ಸ್ಕ್ರಬ್ ಟೈಫಸ್ ಆಗಿದ್ದರೆ ಸಾಮಾನ್ಯವಾಗಿ 48 ಗಂಟೆಗಳೊಳಗೆ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ಮತ್ತೆ ಉಸಿರು ಎಣಿಸುವುದರಿಂದ ಹಿಡಿದು ಇಡೀ ಪರೀಕ್ಷೆಯನ್ನು ಮೊದಲಿನಿಂದ ಮಾಡಿ, ವೈದ್ಯರಿಗೆ ಪುನಃ ಫೋನು ಮಾಡುತ್ತೇನೆ.