ಕುರಿಗಾಹಿಗೆ ಮೊದಲೇ ಗೊತ್ತಾಗುತ್ತದೆ

ಚಿತ್ರದುರ್ಗದಲ್ಲಿ ನಮ್ಮ ತಂಡ ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ಈಡಿಪಸ್ ನಾಟಕ ಎತ್ತಿಕೊಂಡಾಗ ನನಗೆ ಸಿಕ್ಕಿದ್ದು ಮುದಿ ಕುರಿಗಾಹಿಯ ಪಾತ್ರ. ಮೂಲ ನಾಟಕ 1500 ಸಾಲು ದಾಟುತ್ತದೆ. ಇವನು ಮಾತಾಡುವ ದೃಶ್ಯ 70 ಸಾಲಿನ ಆಸುಪಾಸು. ಬೇಜಾರಾಗಿತ್ತು, ನಿಜ.

ಓದ್ತಾ ಓದ್ತಾ ಗೊತ್ತಾಯಿತು, ಇಡೀ ನಾಟಕದ ಗಂಟು ಇರೋದು ಇವನ ಕೈಯಲ್ಲೇ. ಥೀಬ್ಸ್‌ನ ರಾಣಿ ಹೆತ್ತ ಮಗುವನ್ನು ಕೊಲ್ಲು ಅಂತ ಇವನಿಗೆ ಕೊಟ್ಟಿದ್ದಳು. ಕರುಳು ಚುರ್ ಅಂದು ಇವನು ಕೊಲ್ಲಲಿಲ್ಲ. ಸಿಥೇರಾನ್ ಬೆಟ್ಟದಲ್ಲಿ ತನ್ನ ಜೊತೆ ಕುರಿ ಮೇಯಿಸುತ್ತಿದ್ದ ಕೊರಿಂಥ್‌ನವನಿಗೆ ಕೊಟ್ಟುಬಿಟ್ಟ. ಮುಂದೆ ಮೂರು ದಾರಿ ಕೂಡುವಲ್ಲಿ ಆ ರಾಣಿಯ ಗಂಡ, ದೊರೆ ಲೇಯಸ್ ಕೊಲೆಯಾದಾಗ ಬದುಕಿ ಉಳಿದವನೂ ಇವನೊಬ್ಬನೇ. ಊರಿಗೆ ಬಂದರೆ ಸಿಂಹಾಸನದ ಮೇಲೆ ಆ ಕೊಲೆ ಮಾಡಿದ ಈಡಿಪಸ್ಸೇ ಕೂತಿದ್ದಾನೆ. ರಾಣಿಯ ಕೈ ಹಿಡಿದು, ನನ್ನನ್ನು ದೂರದ ಹುಲ್ಲುಗಾವಲಿಗೆ ಕಳಿಸಮ್ಮ ಅಂತ ಬೇಡಿಕೊಂಡು ಹೊರಟುಹೋದ.

ರಿಹರ್ಸಲ್‌ನಲ್ಲಿ ನಾನು ಬರುವಾಗಲೇ ಅಳುತ್ತಾ ಬರುತ್ತಿದ್ದೆ. ನಿರ್ದೇಶಕರು ಒಂದು ದಿನ ನಿಲ್ಲಿಸಿ ಕೇಳಿದರು: "ನಿನಗಿನ್ನೂ ಗೊತ್ತೇ ಆಗಿಲ್ವಲ್ಲ, ಯಾಕೆ ಅಳ್ತೀಯಾ?"

ಹೌದಲ್ವಾ! ಕೊಂದವನು ಯಾರು ಅಂತ ಅವನಿಗೆ ಗೊತ್ತು. ಮಗುವನ್ನು ಉಳಿಸಿದ್ದೂ ಗೊತ್ತು. ಆ ಇಬ್ಬರೂ ಒಬ್ಬನೇ ಅಂತ ಗೊತ್ತಿಲ್ಲ. ಕೊರಿಂಥ್‌ನವನು ಖುಷಿಯಿಂದ, ಅವತ್ತಿನ ಮಗು ಇವರೇ ನೋಡಪ್ಪ ಅಂತ ದೊರೆಯನ್ನು ತೋರಿಸುತ್ತಾನೆ. ಕುರಿಗಾಹಿ ಅವನ ಮೇಲೆ ರೇಗಿ ಬಾಯಿ ಮುಚ್ಚು ಅನ್ನುತ್ತಾನೆ. ದೊರೆಗಿಂತ ಮೊದಲು ಇವನಿಗೆ ಗೊತ್ತಾಗುವುದು ಅಲ್ಲೇ. ಆಮೇಲೆ ಅವನು ಬಾಯಿ ಬಿಡದೆ ಹಟ ಹಿಡಿಯುವುದು ಬರೀ ಭಯಕ್ಕಲ್ಲ. ಒಮ್ಮೆ ಉಳಿಸಿದ ಮಗುವನ್ನು ಎರಡನೇ ಸಲ ಉಳಿಸಲು ನೋಡುತ್ತಿದ್ದಾನೆ ಅಂತ ನಾನು ನಂಬಿದೆ. ಕೈ ತಿರುಚಿ ಕಟ್ಟಿ ಅಂತ ದೊರೆ ಆಜ್ಞೆ ಮಾಡಿದ ಮೇಲೇ ಸತ್ಯ ಹೊರಗೆ ಬರುತ್ತದೆ.

ಆ ಒಂದು ಕ್ಷಣಕ್ಕೆ ಮೈಯಲ್ಲಿ ಏನು ಮಾಡಬೇಕು ಅಂತ ತಿಳಿಯಲಿಲ್ಲ. ಒಂದು ಭಾನುವಾರ ಚಳ್ಳಕೆರೆ ಕಡೆ ಹೋಗಿ ಒಂದು ಕುರಿ ಹಿಂಡಿನ ಜೊತೆ ಸಂಜೆವರೆಗೂ ಇದ್ದೆ. ಅಜ್ಜ ಒಬ್ಬರು ಕಂಬಳಿ ಹೆಗಲ ಮೇಲೆ ಹಾಕಿಕೊಂಡು ನನ್ನ ಜೊತೆ ಮಾತಾಡುತ್ತಲೇ ಇದ್ದರು. ಕಣ್ಣು ಮಾತ್ರ ಹಿಂಡಿನ ಕಾಲುಗಳ ಮೇಲೆ. ಒಂದು ಮರಿ ಸ್ವಲ್ಪ ಕುಂಟಿತು. ತಟ್ಟನೆ ಹಿಡಿದು, ಮಡಿಲಲ್ಲಿ ಮಗುಚಿ, ಗೊರಸಿನ ಸಂದಿಯಲ್ಲಿ ಹೆಬ್ಬೆರಳು ಒತ್ತಿ ಮುಳ್ಳು ತೆಗೆದರು. ಮರಿಯ ಮುಖ ನೋಡಲೇ ಇಲ್ಲ.

ನನಗೆ ಬೇಕಾದ್ದು ಸಿಕ್ಕಿತು. ಈಡಿಪಸ್ ಅಂದರೆ ಬಾತ ಪಾದದವನು. ಹುಟ್ಟಿದ ಮೂರು ದಿನದೊಳಗೆ ಅವನ ಪಾದಗಳನ್ನು ಚುಚ್ಚಿ ಕಟ್ಟಿದ್ದರು.

ತ.ರಾ.ಸು. ರಂಗಮಂದಿರದಲ್ಲಿ ಪ್ರದರ್ಶನದ ದಿನ, ಅವತ್ತಿನ ಮಗು ಇವರೇ ಎಂಬ ಮಾತು ಬಿದ್ದಾಗ ನಾನು ದೊರೆಯ ಮುಖ ನೋಡಲಿಲ್ಲ. ಕಾಲು ನೋಡಿದೆ. ನನ್ನ ಹೆಬ್ಬೆರಳು ತಾನಾಗೇ ಕಂಬಳಿಯ ಅಂಚನ್ನು ಒತ್ತಿ ಹಿಡಿದಿತ್ತು. ದೊರೆ ಕೂಗಿಕೊಂಡು ಒಳಗೆ ಓಡಿದ. ಕುರಿಗಾಹಿಗೆ ಆಮೇಲೆ ಮಾತೇ ಇಲ್ಲ. ಮೇಳದ ಹಾಡು ಶುರುವಾಯಿತು. ನಾನು ಬಗ್ಗಿ ಕೋಲು ಹುಡುಕಿಕೊಂಡು, ಬಂದ ದಾರಿಯಲ್ಲೇ ನಿಧಾನ ನಡೆದು ಹೋದೆ.