ಯೆಹೂದದ ಬಂಡೆಗೋರಿಯನ್ನು ಓದುವ ಬಗೆ

ಪ್ರಾಚೀನ ಯೆಹೂದ ರಾಜ್ಯದ ರಾಜಧಾನಿ ಯೆರೂಸಲೇಮಿನ ಸುತ್ತಮುತ್ತ ಕ್ರಿ.ಪೂ. 8ರಿಂದ 6ನೇ ಶತಮಾನದ ಗೋರಿಗಳು ಸುಣ್ಣಕಲ್ಲಿನ ಬಂಡೆಯಲ್ಲಿ ಕೊರೆದ ಕೋಣೆಗಳು. ಇವು ಉಳ್ಳ ಮನೆತನಗಳವು. ಬಡವರನ್ನು ಮಣ್ಣಿನ ಗುಂಡಿಯಲ್ಲಿ ಹೂಳುತ್ತಿದ್ದರು, ಅವುಗಳ ಗುರುತು ಸಿಗುವುದು ಕಡಿಮೆ.

ಬಾಗಿಲಿನಿಂದ ಶುರುಮಾಡಿ. ಬಾಗಿ ನುಗ್ಗುವಷ್ಟು ಚಿಕ್ಕದು, ಕಲ್ಲಿಟ್ಟು ಮುಚ್ಚುವಂಥದ್ದು. ಮತ್ತೆ ಮತ್ತೆ ತೆರೆಯಬೇಕಾದ ಬಾಗಿಲು ಅದು. ಮೇಲೆ ಅಕ್ಷರವಿದ್ದರೆ ಬಿಡದೆ ಓದಿ. ಯೆರೂಸಲೇಮಿನ ಪಕ್ಕದ ಸಿಲ್ವಾನ್‌ನಲ್ಲಿ 1870ರಲ್ಲಿ ಸಿಕ್ಕ ಬರಹವೊಂದು, ಇಲ್ಲಿ ಬೆಳ್ಳಿ ಬಂಗಾರವಿಲ್ಲ, ಗೋರಿಯ ಒಡೆಯನ ಮತ್ತು ಅವನ ದಾಸಿಯ ಎಲುಬುಗಳಷ್ಟೇ ಇವೆ, ತೆರೆದವನಿಗೆ ಶಾಪ ಎನ್ನುತ್ತದೆ.

ಒಳಗೆ ನಡುವೆ ನಿಲ್ಲಲು ಜಾಗ, ಮೂರು ಕಡೆ ಕಲ್ಲಿನ ಜಗಲಿ. ಕೆಲವು ಜಗಲಿಗಳ ತುದಿಯಲ್ಲಿ ಕುದುರೆಲಾಳದ ಆಕಾರದ ತಲೆದಿಂಬನ್ನು ಬಂಡೆಯಲ್ಲೇ ಕೆತ್ತಿರುತ್ತಾರೆ. ದಿಂಬುಗಳನ್ನು ಎಣಿಸಿ, ಆದರೆ ಸತ್ತವರ ಲೆಕ್ಕ ಅದೆಂದು ತಿಳಿಯಬೇಡಿ. ಒಂದು ಹೊತ್ತಿಗೆ ಎಷ್ಟು ಜನರನ್ನು ಮಲಗಿಸಬಹುದಿತ್ತು ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ.

ಮುಖ್ಯವಾದದ್ದು ಜಗಲಿಯ ಕೆಳಗಿನ ಗುಳಿ. ಹೆಣವನ್ನು ಜಗಲಿಯ ಮೇಲೆ ಮಲಗಿಸಿ ಪಕ್ಕದಲ್ಲಿ ಬೋಗುಣಿ, ಹೂಜಿ, ಎಣ್ಣೆಯ ಕುಡಿಕೆ, ಹಣತೆ ಇಡುತ್ತಿದ್ದರು. ಮಾಂಸ ಕರಗಿ ಎಲುಬು ಉಳಿದ ಮೇಲೆ, ಜಾಗ ಬೇಕಾದಾಗ, ಎಲುಬುಗಳನ್ನೂ ಜತೆಗಿದ್ದ ಸಾಮಾನನ್ನೂ ಗುಳಿಗೆ ಸರಿಸುತ್ತಿದ್ದರು. ಹೊಸಬರು ಎಡವುವುದು ಇಲ್ಲೇ: ಕಲೆಸಿಹೋದ ಬುರುಡೆಗಳನ್ನು ಕಂಡು ಪ್ಲೇಗು, ಯುದ್ಧ, ಕಳ್ಳತನ ಎಂದುಬಿಡುತ್ತಾರೆ. ಆ ರಾಶಿ ಅಜ್ಜ ಮುತ್ತಜ್ಜಂದಿರದು. ‘ಪಿತೃಗಳ ಬಳಿಗೆ ಸೇರಿದನು’ ಎಂಬ ಬೈಬಲಿನ ಮಾತಿಗೆ ಇದಕ್ಕಿಂತ ಹತ್ತಿರದ ಚಿತ್ರ ಬೇರೆ ಇಲ್ಲ. ಜಗಲಿಯ ಮೇಲೆಯೇ ಎಲುಬುಗಳು ಸಾಲಾಗಿ ಉಳಿದಿದ್ದರೆ ಬೇರೆ ಮಾತು: ಬಹುಶಃ ಅವರ ನಂತರ ಎತ್ತಿಡಲು ಯಾರೂ ಬರಲಿಲ್ಲ.

ಯೆರೂಸಲೇಮಿನ ಕೆತೆಫ್ ಹಿನ್ನೋಮ್‌ ಎಂಬ ಜಾಗದಲ್ಲಿ 1979ರಲ್ಲಿ ಪುರಾತತ್ವಜ್ಞ ಗೇಬ್ರಿಯಲ್ ಬಾರ್ಕೆ ಅವರ ತಂಡ ಅಗೆದ ಗುಳಿಯೊಂದು ಕಳ್ಳರ ಕಣ್ಣಿಗೆ ಬಿದ್ದಿರಲಿಲ್ಲ. ಕನಿಷ್ಠ 95 ಜನರ ಎಲುಬು, ಸಾವಿರಕ್ಕೂ ಹೆಚ್ಚು ವಸ್ತುಗಳು ಸಿಕ್ಕವು. ಅವುಗಳಲ್ಲಿ ಎರಡು, ಸುರುಳಿ ಸುತ್ತಿದ ಪುಟ್ಟ ಬೆಳ್ಳಿ ತಗಡುಗಳು. ದೊಡ್ಡದು ಬಿಚ್ಚಿದಾಗ ಸುಮಾರು 10 ಸೆಂಟಿಮೀಟರ್. ಅದರ ಮೇಲೆ ಬೈಬಲಿನ ಅರಣ್ಯಕಾಂಡದ ಯಾಜಕರ ಆಶೀರ್ವಾದವನ್ನು ಹೋಲುವ ಸಾಲುಗಳು.

ಗೋರಿಯ ಕಾಲ ಗೊತ್ತುಮಾಡುವಾಗ ಒಂದೇ ಮಡಕೆಯನ್ನು ನೆಚ್ಚಬೇಡಿ. ತಲೆಮಾರುಗಳ ಸಾಮಾನು ಒಂದೇ ಗುಳಿಯಲ್ಲಿರುತ್ತದೆ. ಅತಿ ಹಳೆಯದನ್ನೂ ಅತಿ ಹೊಸದನ್ನೂ ಬೇರೆ ಮಾಡಿ, ಆ ಎರಡರ ನಡುವಿನ ಅವಧಿಯನ್ನು ಹಿಡಿಯಿರಿ.

ಬೈಬಲಿನ ಮೊದಲ ಐದು ಪುಸ್ತಕಗಳಾದ ಯೆಹೂದ್ಯರ ಧರ್ಮಶಾಸ್ತ್ರವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಎಲುಬು ಮುಟ್ಟಿದವನಿಗೆ 7 ದಿನ ಮೈಲಿಗೆ, 3ನೇ ಮತ್ತು 7ನೇ ದಿನ ಶುದ್ಧೀಕರಣದ ನೀರು ಚಿಮುಕಿಸಬೇಕು. ಆದರೂ ಮನೆಯವರು ಗುಳಿಗೆ ಕೈ ಹಾಕುತ್ತಿದ್ದರು. ಇನ್ನು ಬೋಗುಣಿ ಕಂಡ ಮಾತ್ರಕ್ಕೆ ಸತ್ತವರಿಗೆ ಊಟ ಬಡಿಸುತ್ತಿದ್ದರು ಎಂದು ತೀರ್ಮಾನಿಸಲಾಗದು. ಆದರೆ ಧರ್ಮೋಪದೇಶಕಾಂಡ 26:14ರಲ್ಲಿ ರೈತ, ದಶಮಾಂಶದಲ್ಲಿ, ಅಂದರೆ ಬೆಳೆಯಲ್ಲಿ ತೆಗೆದಿಟ್ಟ ಹತ್ತನೇ ಒಂದು ಪಾಲಿನಲ್ಲಿ, ಸತ್ತವರಿಗೇನೂ ಕೊಟ್ಟಿಲ್ಲವೆಂದು ದೇವರ ಮುಂದೆ ಹೇಳಬೇಕಾಗಿತ್ತು. ಯಾರೂ ಕೊಡದಿದ್ದರೆ ಆ ಮಾತೇ ಬೇಕಿರಲಿಲ್ಲ.