ಟವರ್‌ನಿಂದ ಕಳಚಿದ ಜಿಪಿಎಸ್ ಆಸಿಲೇಟರ್: ಮೊದಲು ಪರೀಕ್ಷೆ, ಆಮೇಲೆ ಡಬ್ಬಿ

ಹಳೆ ಮೊಬೈಲ್ ಟವರ್‌ಗಳಿಂದ ಕಳಚಿದ ಟ್ರಿಂಬಲ್ ಥಂಡರ್‌ಬೋಲ್ಟ್‌ಗಳು, ಅಂದರೆ ಜಿಪಿಎಸ್ ನೋಡಿ ತಮ್ಮನ್ನು ತಾವೇ ತಿದ್ದಿಕೊಳ್ಳುವ ಆಸಿಲೇಟರ್‌ಗಳು (ಒಂದೇ ಫ್ರೀಕ್ವೆನ್ಸಿಯ ಸಿಗ್ನಲ್ ಹುಟ್ಟಿಸುವ ಸಾಧನ), ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಒಳಗೆ ಬಿಸಿ ಗೂಡಿನಲ್ಲಿ ಕೂತ ಕ್ರಿಸ್ಟಲ್ 10 ಮೆಗಾಹರ್ಟ್ಸ್ ಕೊಡುತ್ತದೆ. ಅದು ಸ್ವಲ್ಪ ದಾರಿ ತಪ್ಪಿದರೂ ಬೋರ್ಡು ಉಪಗ್ರಹಗಳ ಗಡಿಯಾರ ನೋಡಿ ಕಿವಿ ಹಿಂಡುತ್ತದೆ. ಇಷ್ಟು ನಿಖರತೆ ಯಾಕೆ ಅಂತೀರಾ? ಬೆಂಗಳೂರಿನ ಟೆರೇಸಿನಿಂದ ಕ್ಯೂಒ-100 ಉಪಗ್ರಹ ಕೇಳುವ ಹ್ಯಾಮ್‌ಗೆ (ಹವ್ಯಾಸಿ ರೇಡಿಯೋದವರಿಗೆ), 10 ಗಿಗಾಹರ್ಟ್ಸ್‌ನಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ತಪ್ಪಿದರೂ ಸ್ಟೇಷನ್ 10 ಕಿಲೋಹರ್ಟ್ಸ್ ಆಚೆ ಇರುತ್ತದೆ.

ಮೊದಲು ಕರೆಂಟು. ಹಳೆ ಮಾದರಿಗೆ +12, −12, +5 ಮೂರೂ ವೋಲ್ಟ್ ಬೇಕು. ಸಿಕ್ಕಿಸುವ ಮುಂಚೆ ಒಂದೊಂದು ಪಿನ್ನನ್ನೂ ಮಲ್ಟಿಮೀಟರ್‌ನಲ್ಲಿ ನೋಡಿ, ಅದಲುಬದಲಾದರೆ ಕಥೆ ಮುಗಿಯಿತು. ಆನ್ ಮಾಡಿದ ತಕ್ಷಣ ಜಾಸ್ತಿ ಕರೆಂಟು ಎಳೆದು, ಗೂಡು ಕಾದ ಮೇಲೆ ಇಳಿಯಬೇಕು. ಇಳಿಯದೇ ಇದ್ದರೆ, ಅಥವಾ ಮೊದಲೇ ಎಳೆಯದಿದ್ದರೆ, ಹೀಟರ್ ಮೇಲೆ ಅನುಮಾನ ಪಡಿ.

ಆಂಟೆನಾ ಟೆರೇಸಿಗೆ ಹೋಗಲಿ, ಆಕಾಶ ಪೂರ್ತಿ ಕಾಣಬೇಕು. ಇದರ ಸಾಕೆಟ್ ಎಫ್ ಮಾದರಿಯದು, ಹಾಗಾಗಿ ಮನೆಯಲ್ಲಿ ಉಳಿದ ಡಿಶ್ ಟಿವಿ ಕೇಬಲ್ಲೇ ಸಾಕು. ಆಮೇಲೆ ಸೀರಿಯಲ್ ಕೇಬಲ್ ಹಾಕಿ, ಕಂಪ್ಯೂಟರ್‌ನಲ್ಲಿ ಲೇಡಿ ಹೆದರ್ ಅನ್ನುವ ಉಚಿತ ಸಾಫ್ಟ್‌ವೇರ್ ತೆರೆಯಿರಿ. ಬೋರ್ಡು ಸೆಕೆಂಡಿಗೊಂದರಂತೆ 2000 ಸಲ ತಾನೆಲ್ಲಿದ್ದೇನೆ ಅಂತ ಅಳೆಯುತ್ತದೆ. ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ, ಕಾಫಿ ಕುಡಿದು ಬನ್ನಿ. ತಾರೀಕು ಹತ್ತೊಂಬತ್ತೂವರೆ ವರ್ಷ ಹಿಂದಿನದು ತೋರಿಸಿದರೆ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. 2017ರ ಜುಲೈ 30ರಿಂದ ಅದರ ವಾರದ ಲೆಕ್ಕ 1024 ವಾರ ಹಿಂದಕ್ಕೆ ಹೋಗಿದೆ ಅಷ್ಟೇ, 10 ಮೆಗಾಹರ್ಟ್ಸ್‌ಗೆ ಏನೂ ಆಗಿಲ್ಲ.

ಲಾಕ್ ಆಯಿತು, ಅಂದರೆ ಉಪಗ್ರಹಗಳ ಗಡಿಯಾರಕ್ಕೆ ಹೊಂದಿಕೊಂಡಿತು, ಅಂತ ಅಷ್ಟಕ್ಕೇ ಖುಷಿಪಡಬೇಡಿ. ಎರಡು ದಿನ ಬಿಟ್ಟು ಡ್ಯಾಕ್ ವೋಲ್ಟೇಜ್ (ಕ್ರಿಸ್ಟಲ್ ತಿದ್ದಲು ಬೋರ್ಡು ಕೊಡುವ ವೋಲ್ಟೇಜ್) ನೋಡಿ. ಅದು ತನ್ನ ಮಿತಿಯ ತುದಿಗೆ ಬಂದು ನಿಂತಿದ್ದರೆ ಕ್ರಿಸ್ಟಲ್‌ಗೆ ವಯಸ್ಸಾಗಿದೆ, ಇನ್ನು ತಿದ್ದಲು ಜಾಗ ಉಳಿದಿಲ್ಲ. ಗೆಳೆಯರ ಹತ್ತಿರ ಇನ್ನೊಂದು ಇದ್ದರೆ ಎರಡನ್ನೂ ಆಸಿಲೋಸ್ಕೋಪ್‌ಗೆ ಹಾಕಿ, ಒಂದರಿಂದ ಟ್ರಿಗರ್ ಮಾಡಿ, ಇನ್ನೊಂದರ ಅಲೆ ಎಷ್ಟು ಜಾರುತ್ತದೆ ನೋಡುತ್ತಾ ಕೂರಿ. ಒಂದು ಪೂರ್ತಿ ಅಲೆ 100 ಸೆಕೆಂಡಿನಲ್ಲಿ ಜಾರಿದರೆ, ವ್ಯತ್ಯಾಸ ನೂರು ಕೋಟಿಗೆ ಒಂದು. ಲಾಕ್ ಆದ ಜೋಡಿಗೆ ಅದೂ ಜಾಸ್ತಿಯೇ.

ಈಗ ಡಬ್ಬಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ: ಮುಟ್ಟಿದರೆ ಬಿಸಿ ಇದೆಯಲ್ಲಾ ಅಂತ ಸುಮ್ನೆ ಒಂದು ಫ್ಯಾನ್ ಹಾಕಿದೆ. ಅವತ್ತು ರಾತ್ರಿ ಗ್ರಾಫ್‌ನಲ್ಲಿ ಡ್ಯಾಕ್ ಗೆರೆ ಗರಗಸದ ಹಲ್ಲಿನಂತೆ ಆಗಿತ್ತು. ಇದಕ್ಕೆ ಬೇಕಾದದ್ದು ತಂಪಲ್ಲ, ಒಂದೇ ಸಮ ಇರುವ ಬಿಸಿ. ದಪ್ಪ ಅಲ್ಯೂಮಿನಿಯಂ ಪೆಟ್ಟಿಗೆ, ತೂತು ಕಡಿಮೆ, ಫ್ಯಾನ್ ಬೇಡ. ಹಾಗಂತ ಸುತ್ತ ಥರ್ಮೋಕೋಲ್ ತುರುಕಿದರೆ ಏಪ್ರಿಲ್ ಬಿಸಿಲಲ್ಲಿ ಒಳಗಿನ ಗೂಡಿಗೆ ಶಾಖ ಬಿಡಲು ದಾರಿಯೇ ಇರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಬೇರೆ ಪೆಟ್ಟಿಗೆಯಲ್ಲಿರಲಿ. ಕಿಟಕಿ ಪಕ್ಕ, ಸೀಲಿಂಗ್ ಫ್ಯಾನ್ ಕೆಳಗೆ ಇಡಬೇಡಿ.

ಮುಚ್ಚಳ ಹಾಕುವ ಮೊದಲು ಇವತ್ತಿನ ಡ್ಯಾಕ್ ವೋಲ್ಟೇಜ್ ಒಂದು ಚೀಟಿಯಲ್ಲಿ ಬರೆದು ಒಳಗೆ ಅಂಟಿಸಿ, ಮುಂದಿನ ವರ್ಷ ಹೋಲಿಸಿ ನೋಡಬಹುದು. ತಾರೀಕು ಮಾತ್ರ ಗೋಡೆಯ ಕ್ಯಾಲೆಂಡರ್ ನೋಡಿ ಬರೆಯಿರಿ.